ನಗಿಸುವುದೂ ಒಂದು ವಿದ್ಯೆ

ಬೆಂಗಳೂರಿನ ಉತ್ತರದ ಅಂಚಿನಲ್ಲಿ, ಯಲಹಂಕ ದಾಟಿದ ಮೇಲೆ ಸಿಗುವ ಊರು ಬಾಗಲೂರು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಯ ಚಹರೆಯೇ ಬದಲಾಗಿದೆ. ರಾಗಿ ಹೊಲ, ದ್ರಾಕ್ಷಿ ತೋಟಗಳಿದ್ದ ಕಡೆ ಬಡಾವಣೆಗಳೂ ಶಾಲೆಗಳೂ ಎದ್ದಿವೆ. ಆದರೂ ಸುತ್ತಮುತ್ತಲ ಹಳ್ಳಿಗಳಲ್ಲಿ ಜಾತ್ರೆ, ಹಬ್ಬ ಬಂತೆಂದರೆ ಪೌರಾಣಿಕ ನಾಟಕದ ಹುರುಪು ಇನ್ನೂ ಪೂರ್ತಿ ಆರಿಲ್ಲ. ಬಾಡಿಗೆಗೆ ತಂದ ಸೀನರಿ, ಹಾರ್ಮೋನಿಯಂ ಮೇಷ್ಟ್ರು, ಬೆಳಗಿನ ಜಾವದವರೆಗೆ ನಡೆಯುವ ಕುರುಕ್ಷೇತ್ರ. ಕೃಷ್ಣನಾಗಲು, ದುರ್ಯೋಧನನಾಗಲು ಕೈಯಿಂದ ಹಣ ಹಾಕಲು ಸಿದ್ಧರಿರುವವರು ಇದ್ದಾರೆ. ಹಾಸ್ಯದ ಪಾತ್ರಕ್ಕೆ ಮಾತ್ರ ಅಂಥ ಪೈಪೋಟಿ ಕಾಣುವುದಿಲ್ಲ.

ಶಾಲೆಗಳ ವಾರ್ಷಿಕೋತ್ಸವದಲ್ಲಿಯೂ ಇದೇ ಕಥೆ. ನಾಟಕಕ್ಕೆ ಪಾತ್ರ ಹಂಚುವಾಗ ಎಲ್ಲ ಮಕ್ಕಳ ಕಣ್ಣೂ ರಾಜನ ಕಿರೀಟದ ಮೇಲೆಯೇ. ವಿದೂಷಕನ ಪಾತ್ರ ಸಿಕ್ಕ ಹುಡುಗ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬರುತ್ತಾನೆ. 'ಕೋಡಂಗಿ ಪಾತ್ರ ನಮ್ಮ ಮಗನಿಗೇ ಸಿಗಬೇಕಿತ್ತೇ?' ಎಂದು ತಾಯಿತಂದೆಯೂ ನೊಂದುಕೊಳ್ಳುತ್ತಾರೆ. ತರಗತಿಯಲ್ಲಿ ನಗಿಸುವ ಹುಡುಗನೆಂದರೆ ಓದದ ಹುಡುಗ, ಶಿಸ್ತಿಲ್ಲದ ಹುಡುಗ ಎಂಬ ಭಾವನೆ ಮನೆಯಲ್ಲೂ ಇದೆ, ಶಾಲೆಯಲ್ಲೂ ಇದೆ.

ಹೀಗೆ ನೊಂದುಕೊಳ್ಳುವ ಮಕ್ಕಳೂ ಪೋಷಕರೂ ಒಮ್ಮೆ ತಿಳಿದುಕೊಳ್ಳಬೇಕಾದ ಬದುಕು ಕನ್ನಡದ ಹಾಸ್ಯನಟ ಟಿ.ಆರ್. ನರಸಿಂಹರಾಜು ಅವರದು. ಜನರೇ ಅವರನ್ನು 'ಹಾಸ್ಯ ಚಕ್ರವರ್ತಿ' ಎಂದು ಕರೆದರು. ಅವರು ತೀರಿಕೊಂಡು ನಾಲ್ಕು ದಶಕಗಳು ಕಳೆದಿವೆ. ಟೆಂಟ್ ಸಿನಿಮಾದಲ್ಲಿ ಅವರನ್ನು ನೋಡಿದ ತಾತ, ಭಾನುವಾರದ ಸಂಜೆ ದೂರದರ್ಶನದಲ್ಲಿ ನೋಡಿದ ತಂದೆ, ಈಗ ಮೊಬೈಲ್ ತೆರೆಯ ಮೇಲೆ ನೋಡುವ ಮೊಮ್ಮಗ, ಮೂವರೂ ಒಂದೇ ಜಾಗದಲ್ಲಿ ನಗುತ್ತಾರೆ. ಈ ನಗುವನ್ನು ಅವರು ಸಂಪಾದಿಸಿದ್ದು ಹೇಗೆ ಎಂಬುದು ವಿದ್ಯಾರ್ಥಿಗಳಿಗೆ ಒಂದು ಪಾಠವೇ ಸರಿ.

ನಾಲ್ಕನೇ ವಯಸ್ಸಿಗೆ ಬಣ್ಣ

ತಿಪಟೂರು ಕೊಬ್ಬರಿಗೆ ಹೆಸರಾದ ಊರು. ತಿಪಟೂರು ರಾಮರಾಜು ನರಸಿಂಹರಾಜು ಅಲ್ಲಿ ಹುಟ್ಟಿದ್ದು 1923ರ ಜುಲೈ 24ರಂದು. ಮಗು ಅಕ್ಷರ ಕಲಿಯುವ ವಯಸ್ಸಿಗೆ ಮೊದಲೇ, ಸುಮಾರು ನಾಲ್ಕು ವರ್ಷದವನಿದ್ದಾಗ, ಚಿಕ್ಕಪ್ಪನ ಕೈ ಹಿಡಿದು ನಾಟಕದ ಕಂಪೆನಿ ಸೇರಿದ. ಅದು ಆ ಕಾಲದ ಹೆಸರಾಂತ ನಟ ಸಿ.ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭಾ. ಪ್ರಹ್ಲಾದ, ಲೋಹಿತಾಶ್ವ, ಬಾಲಕೃಷ್ಣ, ಮಾರ್ಕಂಡೇಯ ಹೀಗೆ ಪುರಾಣದ ಮಕ್ಕಳೆಲ್ಲ ಒಬ್ಬರಾದ ಮೇಲೊಬ್ಬರು ಆ ಪುಟ್ಟ ಮೈಯಲ್ಲಿ ಬಂದು ಹೋದರು.

ಅಂದಿನ ವೃತ್ತಿರಂಗಭೂಮಿಯ ಕಂಪೆನಿ ಎಂದರೇನು ಎಂಬುದು ಇಂದಿನ ಮಕ್ಕಳಿಗೆ ತಿಳಿಯದು. ಕಂಪೆನಿ ಎಂದರೆ ನಡೆದಾಡುವ ಒಂದು ಊರು. ತಗಡಿನ ಚಪ್ಪರ, ಬಣ್ಣದ ಪರದೆಗಳು, ಪೆಟ್ಟಿಗೆಗಟ್ಟಲೆ ವೇಷಭೂಷಣ, ಅಡುಗೆಯವರು, ಸಂಗೀತದವರು, ನಟರು, ಅವರ ಸಂಸಾರ, ಎಲ್ಲವೂ ಒಂದು ಊರಿನಿಂದ ಇನ್ನೊಂದು ಊರಿಗೆ ಹೊರಡುತ್ತಿದ್ದವು. ಒಂದು ಊರಿನಲ್ಲಿ ಜನ ಬರುವಷ್ಟು ದಿನ ಕ್ಯಾಂಪು. ಹಗಲು ತಾಲೀಮು, ರಾತ್ರಿ ಆಟ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಮೇಲೆ ಕೂತವನಿಗೂ ಮಾತು ಮುಟ್ಟಬೇಕಿತ್ತು. ಹಾಡು ಬರಬೇಕು, ಕಂದಪದ್ಯ ಬರಬೇಕು, ಮಾತು ತಡವರಿಸಬಾರದು. ತನ್ನ ಪಾತ್ರದ ಮಾತಷ್ಟೇ ಬಂದರೆ ಸಾಲದು. ಯಾರೋ ಒಬ್ಬರು ಜ್ವರ ಬಂದು ಮಲಗಿದರೆ ಆ ರಾತ್ರಿ ಅವರ ಪಾತ್ರಕ್ಕೂ ನಿಲ್ಲಬೇಕು. ಹೀಗಾಗಿ ಕಂಪೆನಿಯ ಹುಡುಗರಿಗೆ ಇಡೀ ನಾಟಕವೇ ಬಾಯಿಪಾಠ.

ನರಸಿಂಹರಾಜು ಅವರ ಪಾಠಶಾಲೆ ಇದೇ. ಇಲ್ಲಿ ಪರೀಕ್ಷೆ ವರ್ಷಕ್ಕೊಮ್ಮೆ ಅಲ್ಲ, ಪ್ರತಿ ರಾತ್ರಿ. ಅಂಕ ಕೊಡುವವರು ಟಿಕೆಟ್ ತೆಗೆದುಕೊಂಡು ಎದುರಿಗೆ ಕೂತವರು.

ದನಿ ಒಡೆದಾಗ

ಬಾಲನಟನ ಬದುಕಿನಲ್ಲಿ ಒಂದು ಕಷ್ಟದ ತಿರುವು ಬರುತ್ತದೆ. ಹದಿಮೂರು ಹದಿನಾಲ್ಕರ ಹೊತ್ತಿಗೆ ದನಿ ಒಡೆಯುತ್ತದೆ. ಅಲ್ಲಿಯವರೆಗೆ ಜನ ಮುದ್ದಾಡುತ್ತಿದ್ದ ಪ್ರಹ್ಲಾದ ಇದ್ದಕ್ಕಿದ್ದಂತೆ ಯಾವ ಪಾತ್ರಕ್ಕೂ ಹೊಂದದ ಹುಡುಗನಾಗುತ್ತಾನೆ. ಮಗುವಿನ ಪಾತ್ರಕ್ಕೆ ದೊಡ್ಡವನು, ನಾಯಕನ ಪಾತ್ರಕ್ಕೆ ಚಿಕ್ಕವನು. ಎಷ್ಟೋ ಬಾಲನಟರು ಈ ಹಂತದಲ್ಲೇ ರಂಗದಿಂದ ಮರೆಯಾದರು.

ನರಸಿಂಹರಾಜು ಅವರದು ಸಣಕಲು ಮೈ, ಮುಂದೆ ಚಾಚಿದ ಹಲ್ಲು, ಅಗಲವಾದ ಕಣ್ಣು. ನಾಯಕನ ಲಕ್ಷಣವೆಂದು ಅಂದಿನವರು ಹೇಳುತ್ತಿದ್ದ ಯಾವುದೂ ಆ ಮೈಯಲ್ಲಿ ಇರಲಿಲ್ಲ. ಅವರು ಕಂಪೆನಿಯಿಂದ ಕಂಪೆನಿಗೆ ಹೋದರು. ಕೆ. ಹಿರಣ್ಣಯ್ಯನವರ ಮಿತ್ರಮಂಡಳಿ, ಗುಬ್ಬಿ ವೀರಣ್ಣನವರ ಕಂಪೆನಿ ಇವೆಲ್ಲ ಅವರ ದಾರಿಯಲ್ಲಿ ಬಂದವು. ಸಿಕ್ಕ ಪಾತ್ರ ಮಾಡಿದರು. ಅದು ಸ್ತ್ರೀಪಾತ್ರವಾದರೂ ಸರಿ, ಒಂದು ಮಾತಿನ ಪಾತ್ರವಾದರೂ ಸರಿ.

ಈ ಎರಡು ಕಂಪೆನಿಗಳ ಯಜಮಾನರೂ ಸ್ವತಃ ಹಾಸ್ಯಕ್ಕೆ ಹೆಸರಾದವರು ಎಂಬುದನ್ನು ಗಮನಿಸಬೇಕು. ಗುಬ್ಬಿ ವೀರಣ್ಣನವರು 'ಸದಾರಮೆ' ನಾಟಕದಲ್ಲಿ ಮಾಡುತ್ತಿದ್ದ ಕಳ್ಳನ ಪಾತ್ರಕ್ಕಾಗಿಯೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಹಿರಣ್ಣಯ್ಯನವರ ಮಗ ಮಾಸ್ಟರ್ ಹಿರಣ್ಣಯ್ಯ ಮುಂದೆ 'ಲಂಚಾವತಾರ'ದಿಂದ ನಾಡಿನ ಮನೆಮಾತಾದರು. ಹಾಸ್ಯವೆಂದರೆ ನಾಟಕದ ನಡುವೆ ಸುರಿಯುವ ಒಗ್ಗರಣೆಯಲ್ಲ, ಅದೇ ಒಂದು ಅಡುಗೆ ಎಂದು ತಿಳಿದಿದ್ದವರ ನಡುವೆ ನರಸಿಂಹರಾಜು ಬೆಳೆದರು. ತಮ್ಮ ಹಲ್ಲನ್ನೂ ಸಣಕಲು ಮೈಯನ್ನೂ ಮರೆಮಾಚುವ ಬದಲು ಅವುಗಳನ್ನೇ ದುಡಿಸಿಕೊಳ್ಳಲು ಕಲಿತರು. ಯಾವುದು ಕೊರತೆ ಎನಿಸಿತ್ತೋ ಅದೇ ಅವರ ಗುರುತಾಯಿತು.

1954: 'ಬೇಡರ ಕಣ್ಣಪ್ಪ'

ಕನ್ನಡ ಚಿತ್ರರಂಗದ ಇತಿಹಾಸದಲ್ಲಿ 1954 ಮರೆಯಲಾಗದ ವರ್ಷ. ಗುಬ್ಬಿ ವೀರಣ್ಣನವರ ಬೆಂಬಲದಿಂದ, ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ 'ಬೇಡರ ಕಣ್ಣಪ್ಪ' ಬಂತು. ಮುತ್ತುರಾಜ್ ಎಂಬ ನಾಟಕದ ನಟ ರಾಜಕುಮಾರ್ ಎಂಬ ಹೆಸರಿನಲ್ಲಿ ಮೊದಲ ಬಾರಿಗೆ ನಾಯಕನಾದದ್ದು ಇದರಲ್ಲೇ. ದೇವಾಲಯದ ಅರ್ಚಕನ ಮಗ ಕಾಶಿಯಾಗಿ ನರಸಿಂಹರಾಜು ತೆರೆಗೆ ಬಂದದ್ದೂ ಇದೇ ಚಿತ್ರದಲ್ಲಿ. ಆ ವರ್ಷದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಚಿತ್ರಕ್ಕೆ ಅರ್ಹತಾ ಪತ್ರವೂ ದೊರೆಯಿತು.

ಆಗ ನರಸಿಂಹರಾಜು ಅವರಿಗೆ ಮೂವತ್ತು ದಾಟಿತ್ತು. ಬಣ್ಣ ಹಚ್ಚಲು ಆರಂಭಿಸಿ ಸುಮಾರು ಇಪ್ಪತ್ತೇಳು ವರ್ಷ ಕಳೆದಿತ್ತು. 'ಒಂದೇ ಚಿತ್ರದಲ್ಲಿ ಹೆಸರು ಮಾಡಿದ' ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆ ಒಂದು ಚಿತ್ರದ ಹಿಂದೆ ಕಾಲು ಶತಮಾನದ ತಾಲೀಮು ಇತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಾಟಕದ ನಟರಿಗೆ ಸಿನಿಮಾ ಸುಲಭವಾಗಿರಲಿಲ್ಲ. ರಂಗದ ಮೇಲೆ ನಗೆಮಾತು ಬಿದ್ದೊಡನೆ ಜನರ ನಗು ತಿರುಗಿ ಬರುತ್ತದೆ. ಆ ನಗು ಇಳಿಯುವವರೆಗೆ ನಟ ಕಾಯುತ್ತಾನೆ, ನಂತರ ಮುಂದಿನ ಮಾತು. ಸ್ಟುಡಿಯೊದಲ್ಲಿ ನಗುವವರೇ ಇಲ್ಲ. ಎದುರಿಗೆ ಇರುವುದು ಕ್ಯಾಮೆರಾ, ಸುಡುವ ದೀಪಗಳು, ಸದ್ದು ಮಾಡದೆ ನಿಂತ ಕೆಲಸಗಾರರು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಒಳಗಿನಿಂದಲೇ ಎಣಿಸಿಕೊಳ್ಳಬೇಕು. ಸಾವಿರಾರು ರಾತ್ರಿ ಜನರ ನಗುವನ್ನು ಕಿವಿಯಾರೆ ಕೇಳಿದವರಿಗೆ ಮಾತ್ರ ಈ ಎಣಿಕೆ ಸಾಧ್ಯ. ನರಸಿಂಹರಾಜು ಅವರ ಹಳೆಯ ಚಿತ್ರಗಳನ್ನು ನೋಡಿದರೆ ಮಾತಿಗಿಂತ ಮೊದಲು ಅವರ ಕಣ್ಣು ತಿರುಗುವುದನ್ನು, ಮಾತು ಮುಗಿದ ಮೇಲೂ ಒಂದು ಕ್ಷಣ ಮುಖ ಹಾಗೇ ನಿಲ್ಲುವುದನ್ನು ಕಾಣಬಹುದು. ಚಿತ್ರಮಂದಿರದಲ್ಲಿ ನಗು ಏಳುವುದು ಆ ಕ್ಷಣದಲ್ಲೇ.

ನಾಲ್ವರು ಗೆಳೆಯರ ಸಾಹಸ

ಐವತ್ತರ ದಶಕದಲ್ಲಿ ಕನ್ನಡ ಚಿತ್ರಗಳ ಸಂಖ್ಯೆ ತೀರ ಕಡಿಮೆ. ಸ್ಟುಡಿಯೊಗಳೆಲ್ಲ ಬಹುಪಾಲು ಮದರಾಸಿನಲ್ಲಿ. ಚಿತ್ರವಿಲ್ಲದ ತಿಂಗಳುಗಳಲ್ಲಿ ಕನ್ನಡದ ಕಲಾವಿದರಿಗೆ ಪರಊರಿನಲ್ಲಿ ಕೈ ಕಟ್ಟಿ ಕೂರುವ ಸ್ಥಿತಿ. ಇಂಥ ಹೊತ್ತಿನಲ್ಲಿ ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಮತ್ತು ಜಿ.ವಿ. ಅಯ್ಯರ್ ಜೊತೆಗೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ತಾವು ಬಂದ ದಾರಿಗೇ ಮರಳಿ, ಊರೂರು ತಿರುಗಿ ನಾಟಕ ಆಡಿದರು. ತೆರೆಯ ಮೇಲೆ ನೋಡಿದ ಮುಖಗಳನ್ನು ಕಣ್ಣೆದುರಿಗೆ ನೋಡಲು ಜನ ಮುಗಿಬಿದ್ದರು.

ಅದೇ ಸಂಘದಿಂದ 1960ರಲ್ಲಿ ಹೊರಬಂದ ಚಿತ್ರ 'ರಣಧೀರ ಕಂಠೀರವ'. ಹದಿನೇಳನೇ ಶತಮಾನದಲ್ಲಿ ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರ ಕಥೆ, ಎನ್.ಸಿ. ರಾಜನ್ ನಿರ್ದೇಶನ. ಕೆಲಸ ಕೊಡುವವರು ಇಲ್ಲದಾಗ ಕೆಲಸವನ್ನು ತಾವೇ ಹುಟ್ಟಿಸಿಕೊಂಡ ನಾಲ್ವರ ಸಾಹಸವಿದು. ಆ ನಾಲ್ವರಲ್ಲಿ ಇಬ್ಬರು ಜನರನ್ನು ನಗಿಸುವುದಕ್ಕೆ ಹೆಸರಾದವರು ಎಂಬುದು ಗಮನಾರ್ಹ.

ಲೋಹಿತಾಶ್ವನಿಂದ ನಕ್ಷತ್ರಿಕನಿಗೆ

ಅರವತ್ತರ ದಶಕ ನರಸಿಂಹರಾಜು ಅವರ ಏರುಕಾಲ. ಪೌರಾಣಿಕ, ಐತಿಹಾಸಿಕ, ಸಾಮಾಜಿಕ, ಪತ್ತೇದಾರಿ, ಯಾವ ಬಗೆಯ ಚಿತ್ರವಾದರೂ ಅದರಲ್ಲಿ ಅವರಿಗೊಂದು ಸ್ಥಾನ ಇದ್ದೇ ಇತ್ತು. ನಿರ್ಮಾಪಕರು ಮೊದಲು ನರಸಿಂಹರಾಜು ಅವರ ಕಾಲ್‌ಷೀಟ್ ಪಡೆದು ನಂತರ ನಾಯಕನ ಬಳಿ ಹೋಗುತ್ತಿದ್ದರು ಎಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಈ ಅವಧಿಯ ಅವರ ಪಾತ್ರಗಳಲ್ಲಿ 1965ರ 'ಸತ್ಯ ಹರಿಶ್ಚಂದ್ರ'ದ ನಕ್ಷತ್ರಿಕನನ್ನು ಮರೆಯುವಂತಿಲ್ಲ. ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ ಚಿತ್ರವಿದು. ವಿಶ್ವಾಮಿತ್ರನಿಗೆ ಹರಿಶ್ಚಂದ್ರ ಕೊಡಬೇಕಾದ ಸಾಲವನ್ನು ವಸೂಲು ಮಾಡಲು ಬೆನ್ನು ಹತ್ತಿ ಬರುವವನೇ ನಕ್ಷತ್ರಿಕ. ರಾಘವಾಂಕನ ಕಾವ್ಯ ಓದಿದ ವಿದ್ಯಾರ್ಥಿಗಳಿಗೆ ಇವನು ಪರಿಚಿತ. ರಾಜ್ಯ ಕಳೆದುಕೊಂಡು ಹೆಂಡತಿ ಮಗನೊಡನೆ ನಡೆದುಹೋಗುವ ರಾಜನನ್ನು ಹೆಜ್ಜೆಹೆಜ್ಜೆಗೂ ಪೀಡಿಸುವುದು ಅವನ ಕೆಲಸ. ಅದನ್ನು ಒರಟಾಗಿ ಮಾಡಿದರೆ ನೋಡುವವರಿಗೆ ಸಿಟ್ಟು ಮಾತ್ರ ಬರುತ್ತದೆ. ಬರೀ ತಮಾಷೆ ಮಾಡಿದರೆ ಹರಿಶ್ಚಂದ್ರನ ಕಷ್ಟ ಹಗುರಾಗಿಬಿಡುತ್ತದೆ. ಜನ ನಗಬೇಕು, ನಗುತ್ತಲೇ ರಾಜನಿಗಾಗಿ ಮರುಗಬೇಕು. ಈ ಸೂಕ್ಷ್ಮವನ್ನು ನರಸಿಂಹರಾಜು ಸಾಧಿಸಿದರು.

ಇಲ್ಲೊಂದು ಸ್ವಾರಸ್ಯವಿದೆ. ಇದೇ ಕಥೆಯಲ್ಲಿ ಬಾಲಕ ನರಸಿಂಹರಾಜು ಲೋಹಿತಾಶ್ವನಾಗಿದ್ದವರು. ಹರಿಶ್ಚಂದ್ರನ ಮಗನಾಗಿ ಪ್ರೇಕ್ಷಕರನ್ನು ಅಳಿಸಿದ ಹುಡುಗನೇ ದೊಡ್ಡವನಾಗಿ ಆ ಕುಟುಂಬದ ಬೆನ್ನು ಹತ್ತುವ ನಕ್ಷತ್ರಿಕನಾದ. ಒಂದೇ ಕಥೆಯನ್ನು ಎರಡು ಕಡೆಯಿಂದ ಬಲ್ಲವರು ಅವರು. ಚೆನ್ನಾಗಿ ನಗಿಸಬಲ್ಲವನಿಗೆ ಅಳು ಎಲ್ಲಿದೆ ಎಂಬುದು ಗೊತ್ತಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಲಂಡನ್ನಿನ ಬಡತನದಲ್ಲಿ ಬೆಳೆದು, ಎಳೆವಯಸ್ಸಿಗೇ ರಂಗ ಹತ್ತಿ, 1914ರಲ್ಲಿ ಸಿನಿಮಾಕ್ಕೆ ಬಂದ ಚಾರ್ಲಿ ಚಾಪ್ಲಿನ್ ಅವರ ಬದುಕು ಹೇಳುವುದೂ ಇದನ್ನೇ.

ಕಿವಿ ಕೇಳದ ಜೊತೆಗಾರ

ನರಸಿಂಹರಾಜು ಅವರ ಮಾತು ಬಂದಾಗ ಟಿ.ಎನ್. ಬಾಲಕೃಷ್ಣ ಅವರನ್ನು ಬಿಡುವಂತಿಲ್ಲ. ಇಬ್ಬರೂ ಒಟ್ಟಿಗೆ ತೆರೆಯ ಮೇಲೆ ಬಂದರೆ ಚಿತ್ರಮಂದಿರದಲ್ಲಿ ಶಿಳ್ಳೆ. ಅರಸೀಕೆರೆಯ ಕಡು ಬಡತನದಲ್ಲಿ ಹುಟ್ಟಿದ ಬಾಲಕೃಷ್ಣ 1943ರ 'ರಾಧಾರಮಣ' ಚಿತ್ರದಿಂದಲೇ ತೆರೆಯ ಮೇಲಿದ್ದವರು. ಅವರಿಗೆ ಚಿಕ್ಕಂದಿನಿಂದಲೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ.

ಕಿವಿ ಕೇಳದವನು ಮಾತಿನ ಹಾಸ್ಯ ಮಾಡುವುದು ಹೇಗೆ? ಎದುರಿಗಿರುವ ನಟನ ತುಟಿಯ ಚಲನೆಯನ್ನೇ ನೋಡಿ ಬಾಲಕೃಷ್ಣ ತಮ್ಮ ಸರದಿಯನ್ನು ಹಿಡಿಯುತ್ತಿದ್ದರು. ಅದಕ್ಕೆ ತನ್ನ ಮಾತಿನ ಜೊತೆಗೆ ಎದುರಿನವರ ಮಾತೂ ಪೂರ್ತಿ ಗೊತ್ತಿರಬೇಕು. ಚಿತ್ರ ನೋಡಿದ ಬಹಳ ಜನಕ್ಕೆ ಅವರಿಗೆ ಕಿವಿ ಮಂದ ಎಂಬುದೇ ತಿಳಿಯಲಿಲ್ಲ. ಹಾಸ್ಯದಷ್ಟೇ ಸಲೀಸಾಗಿ ಖಳನ ಪಾತ್ರವನ್ನೂ ಮಾಡಿದರು. 1972ರ 'ಬಂಗಾರದ ಮನುಷ್ಯ'ದಲ್ಲಿ ಅವರು ಮಾಡಿದ ರಾಚೂಟಪ್ಪ ಇಂದಿಗೂ ಜನರ ನೆನಪಿನಲ್ಲಿದ್ದಾನೆ. ಕನ್ನಡ ಚಿತ್ರಗಳು ಕನ್ನಡನಾಡಿನಲ್ಲೇ ತಯಾರಾಗಬೇಕೆಂಬ ಹಂಬಲದಿಂದ ಬೆಂಗಳೂರಿನ ಮೈಸೂರು ರಸ್ತೆಯಲ್ಲಿ, ಕೆಂಗೇರಿಯ ಬಳಿ 'ಅಭಿಮಾನ್' ಸ್ಟುಡಿಯೊ ಕಟ್ಟಿದರು. ಅದು ಅವರಿಗೆ ಲಾಭಕ್ಕಿಂತ ಕಷ್ಟವನ್ನೇ ಹೆಚ್ಚು ತಂದಿತು. 1995ರ ಜುಲೈನಲ್ಲಿ ಬಾಲಕೃಷ್ಣ ತೀರಿಕೊಂಡರು. ನಟ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ 2009ರ ಡಿಸೆಂಬರ್‌ನಲ್ಲಿ ನಡೆದದ್ದು ಅದೇ ಸ್ಟುಡಿಯೊದ ಆವರಣದಲ್ಲಿ.

ತನ್ನಲ್ಲಿ ಇಲ್ಲದ್ದನ್ನು ಎಣಿಸುತ್ತ ಕೂರದೆ, ಇದ್ದದ್ದನ್ನು ಎರಡರಷ್ಟು ದುಡಿಸಿದವರು ಈ ಇಬ್ಬರು ಹಾಸ್ಯನಟರು.

ಕೊನೆಯ ಅಂಕ

1974ರಲ್ಲಿ ನರಸಿಂಹರಾಜು ಸ್ವತಃ ನಿರ್ಮಾಪಕರಾಗಿ 'ಪ್ರೊಫೆಸರ್ ಹುಚ್ಚೂರಾಯ' ಚಿತ್ರ ತೆಗೆದರು. ಶೀರ್ಷಿಕೆಯ ಪಾತ್ರ ಅವರದೇ. ಆಗ ತರುಣರಾಗಿದ್ದ ವಿಷ್ಣುವರ್ಧನ್ ಜೊತೆಗಿದ್ದರು. ಇಪ್ಪತ್ತು ವರ್ಷ ನಾಯಕನ ಪಕ್ಕದಲ್ಲಿ ನಿಂತ ನಟ ಕಥೆಯ ನಡುವಿಗೆ ಬಂದ ಗಳಿಗೆ ಅದು.

1979ರ ಜುಲೈನಲ್ಲಿ, ಐವತ್ತಾರು ತುಂಬಲು ಇನ್ನು ಕೆಲವೇ ದಿನಗಳಿದ್ದಾಗ ಅವರು ನಿಧನರಾದರು. ತೆರೆಯ ಮೇಲಿನ ಇಪ್ಪತ್ತೈದು ವರ್ಷಗಳಲ್ಲಿ ಅವರು ನಟಿಸಿದ ಚಿತ್ರಗಳು 250ಕ್ಕೂ ಹೆಚ್ಚು ಎಂದು ಹೇಳಲಾಗುತ್ತದೆ. ಎಂದರೆ ಸರಾಸರಿ ವರ್ಷಕ್ಕೆ ಹತ್ತು ಚಿತ್ರ. ಇಷ್ಟು ಪಾತ್ರಗಳಲ್ಲಿ ಮನೆಮಂದಿಯೆಲ್ಲ ಕೂತು ನೋಡಲು ಮುಜುಗರಪಡಬೇಕಾದ ಹಾಸ್ಯವನ್ನು ಅವರು ನೆಚ್ಚಿಕೊಳ್ಳಲಿಲ್ಲ. ಅವರ ಮಗಳು ಸುಧಾ ನರಸಿಂಹರಾಜು ಕೂಡ ನಟಿಯಾಗಿ ಕನ್ನಡಿಗರಿಗೆ ಪರಿಚಿತರು.

ಪೋಷಕರು ಯೋಚಿಸಬೇಕಾದದ್ದು

ಈ ಕಥೆಯನ್ನು ಓದಿ 'ಹಾಗಾದರೆ ಶಾಲೆ ಬಿಡಿಸಿ ನಾಟಕಕ್ಕೆ ಕಳಿಸಬೇಕೇ?' ಎಂದು ಕೇಳುವವರು ಇರಬಹುದು. ಖಂಡಿತ ಅಲ್ಲ. ನಾಲ್ಕನೇ ವಯಸ್ಸಿಗೆ ಕಂಪೆನಿ ಸೇರಿದ ಮಗುವಿಗೆ ಬಾಲ್ಯವೇ ಕೆಲಸವಾಗಿತ್ತು. ಅದು ಆ ಕಾಲದ ಅನಿವಾರ್ಯ, ಮಾದರಿಯಲ್ಲ. ಒಬ್ಬ ನರಸಿಂಹರಾಜು ಬೆಳಗಿದ ಕಂಪೆನಿಗಳಲ್ಲೇ ಓದೂ ಇಲ್ಲದೆ, ಹೆಸರೂ ಇಲ್ಲದೆ ಸವೆದ ಹುಡುಗರು ಎಷ್ಟೋ ಮಂದಿ. ಅವರ ಬಗ್ಗೆ ಯಾರೂ ಬರೆಯುವುದಿಲ್ಲ. ಯಶಸ್ಸಿನ ಕಥೆ ಓದುವಾಗ ಈ ಮರೆಯಾದವರನ್ನೂ ನೆನೆಯಬೇಕು.

ಇನ್ನೊಂದು ದಾರಿಗೂ ಉದಾಹರಣೆ ಇದೆ. ಹುಣಸೂರಿನ ದ್ವಾರಕೀಶ್ ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಮುಗಿಸಿ, ವಾಹನಗಳ ಬಿಡಿಭಾಗದ ಅಂಗಡಿ ನಡೆಸಿ, ನಂತರ 1964ರ 'ವೀರ ಸಂಕಲ್ಪ'ದಿಂದ ಚಿತ್ರರಂಗಕ್ಕೆ ಬಂದರು. ಕುಳ್ಳು ಮೈಯನ್ನೇ ಬಂಡವಾಳ ಮಾಡಿಕೊಂಡು ನಗಿಸಿದರು. 1969ರಲ್ಲಿ 'ಮೇಯರ್ ಮುತ್ತಣ್ಣ', 1978ರಲ್ಲಿ 'ಸಿಂಗಪೂರ್‌ನಲ್ಲಿ ರಾಜಾ ಕುಳ್ಳ', 2004ರಲ್ಲಿ 'ಆಪ್ತಮಿತ್ರ' ಹೀಗೆ ನಿರ್ಮಾಪಕರಾಗಿಯೂ ಬೆಳೆದರು. ಸೋಲು ಸಾಲಗಳನ್ನೂ ಕಂಡರು, ಮತ್ತೆ ಎದ್ದರು. 2024ರ ಏಪ್ರಿಲ್‌ನಲ್ಲಿ ಅವರು ನಿಧನರಾದರು. ಓದು ಅವರ ಕಲೆಗೆ ಅಡ್ಡ ಬರಲಿಲ್ಲ. ಕಲೆಯೂ ಓದನ್ನು ಕೆಡಿಸಲಿಲ್ಲ.

ಇಂದಿನ ಮಕ್ಕಳಿಗಂತೂ ಓದು ಅಥವಾ ನಾಟಕ ಎಂದು ಒಂದನ್ನೇ ಆರಿಸಿಕೊಳ್ಳಬೇಕಾದ ಕಷ್ಟವಿಲ್ಲ. ಪದವಿಯ ನಂತರ ಅಭಿನಯವನ್ನು ಶಾಸ್ತ್ರೀಯವಾಗಿ ಕಲಿಯಲು ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ, ಮೈಸೂರಿನಲ್ಲಿ ರಂಗಾಯಣವಿದೆ. ಛಾಯಾಗ್ರಹಣ, ಧ್ವನಿಗ್ರಹಣದಂಥ ತಾಂತ್ರಿಕ ವಿಷಯಗಳಲ್ಲಿ ಆಸಕ್ತಿ ಇರುವವರಿಗೆ ಬೆಂಗಳೂರಿನ ಉತ್ತರ ಭಾಗದಲ್ಲೇ, ಹೆಸರಘಟ್ಟದಲ್ಲಿ, ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಬಾಗಲೂರಿನ ಹುಡುಗನಿಗೆ ಅದು ದೂರದ ಊರೇನೂ ಅಲ್ಲ.

ವಿದ್ಯಾರ್ಥಿಗಳು ಈ ಬದುಕಿನಿಂದ ಕಲಿಯಬಹುದಾದ ಸಂಗತಿಗಳು ಮುಖ್ಯವಾಗಿ ಮೂರು. ಒಂದು, ನೆನಪಿನ ಶಕ್ತಿ. ತನ್ನ ಮಾತಷ್ಟೇ ಅಲ್ಲ, ಎದುರಿನವನ ಮಾತನ್ನೂ ಅರಿತವನೇ ಸರಿಯಾದ ಹೊತ್ತಿಗೆ ಉತ್ತರ ಕೊಡಬಲ್ಲ. ತರಗತಿಗೂ ಈ ಮಾತು ಸಲ್ಲುತ್ತದೆ. ಎರಡು, ಕಾಯುವ ತಾಳ್ಮೆ. ಬಾಲನಟನಿಗೆ ಸಿಕ್ಕ ಚಪ್ಪಾಳೆ ನಿಂತುಹೋದ ಮೇಲೂ ರಂಗ ಬಿಡದೆ ದುಡಿದದ್ದರಿಂದಲೇ 1954 ಅವರ ಪಾಲಿಗೆ ಬಂತು. ಮೂರು, ನಗಿಸುವುದಕ್ಕೂ ಅಣಕಿಸುವುದಕ್ಕೂ ಇರುವ ಅಂತರ. ಸಹಪಾಠಿಯ ಮೈಬಣ್ಣ, ತೊದಲು, ಬಡತನ ಇವನ್ನು ಆಡಿಕೊಂಡು ಎಬ್ಬಿಸುವ ನಗು ಹಾಸ್ಯವಲ್ಲ. ನರಸಿಂಹರಾಜು ನಗೆಗೆ ಒಡ್ಡಿದ್ದು ತಮ್ಮದೇ ಹಲ್ಲನ್ನು, ತಮ್ಮದೇ ಸಣಕಲು ಮೈಯನ್ನು.

ಮೈಲಿಗಲ್ಲುಗಳು

1923: ಜುಲೈ 24ರಂದು ತಿಪಟೂರಿನಲ್ಲಿ ಜನನ.

ಸುಮಾರು 1927: ಸಿ.ಬಿ. ಮಲ್ಲಪ್ಪನವರ ಕಂಪೆನಿಯಲ್ಲಿ ಬಾಲನಟ.

1954: 'ಬೇಡರ ಕಣ್ಣಪ್ಪ' ಚಿತ್ರದಿಂದ ತೆರೆಗೆ.

1960: ಗೆಳೆಯರೊಡನೆ ಕಲಾವಿದರ ಸಂಘದಿಂದ 'ರಣಧೀರ ಕಂಠೀರವ'.

1965: 'ಸತ್ಯ ಹರಿಶ್ಚಂದ್ರ'ದಲ್ಲಿ ನಕ್ಷತ್ರಿಕ.

1974: ನಿರ್ಮಾಪಕರಾಗಿ 'ಪ್ರೊಫೆಸರ್ ಹುಚ್ಚೂರಾಯ'.

1979: ಜುಲೈನಲ್ಲಿ ನಿಧನ.

ಇನ್ನು ವಾರ್ಷಿಕೋತ್ಸವದ ನಾಟಕದ ಮಾತು. ವಿದೂಷಕನ ಪಾತ್ರ ಸಿಕ್ಕ ಹುಡುಗ ಮುಖ ಸಣ್ಣದು ಮಾಡಿಕೊಂಡು ಬಾಗಿಲಿಗೆ ಬಂದರೆ, ಮನೆಯವರು ಅವನೊಡನೆ ಕೂತು 'ಸತ್ಯ ಹರಿಶ್ಚಂದ್ರ' ಚಿತ್ರದ ನಕ್ಷತ್ರಿಕನನ್ನು ಒಮ್ಮೆ ತೋರಿಸಲಿ. ಕಿರೀಟ ಯಾರ ತಲೆಗಾದರೂ ಕೂರುತ್ತದೆ. ತುಂಬಿದ ಸಭೆಯನ್ನು ಒಂದೇ ಮಾತಿನಿಂದ ನಗಿಸುವ ಪಾತ್ರವನ್ನು ಮೇಷ್ಟ್ರು ಎಲ್ಲರ ಕೈಗೂ ಕೊಡುವುದಿಲ್ಲ. ಅದನ್ನು ಕೊಟ್ಟಿದ್ದಾರೆಂದರೆ ಆ ಹುಡುಗನಲ್ಲಿ ಏನನ್ನೋ ಕಂಡಿದ್ದಾರೆ ಎಂದೇ ತಿಳಿಯಬೇಕು. ಆಮೇಲೆ ಮಾತು ಬಾಯಿಪಾಠ ಆಗಿದೆಯೇ ಎಂದು ವಿಚಾರಿಸಿದರೆ ಸಾಕು. ಉಳಿದದ್ದನ್ನು ಹುಡುಗ ನೋಡಿಕೊಳ್ಳುತ್ತಾನೆ.